ಕಾಲುಗುರು ಮತ್ತು ಜಪಾನಿನ ರೋಬೋಟು

ನನ್ನ ಕಾಲಿನ ಹೆಬ್ಬೆರಳು ನನ್ನ ಕೈಗೆ ಎಟುಕದೆ ಒಂದು ವರ್ಷವಾಯಿತು, ಮಕ್ಕಳೇ. ಬೆರಳು ಇದ್ದಲ್ಲೇ ಇದೆ, ಮಂಡಿನೋವು ನಡುವೆ ಬಂದು ಕೂತಿದೆ. ಉಗುರು ಮಾತ್ರ ನನ್ನ ವಯಸ್ಸಿನ ಪರಿವೆಯೇ ಇಲ್ಲದೆ ಬೆಳೆಯುತ್ತದೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಚಿಕ್ಕಂದಿನಲ್ಲಿ ತವರೂರು ಮಧುರೆಯ ಶಾಲೆಯಲ್ಲಿ ನೀರು ಕುಡಿದು ಬರುತ್ತೇನೆಂದು ಮೇಷ್ಟ್ರನ್ನು ಕೇಳಲಾರದೆ ಸಂಜೆಯವರೆಗೆ ಒಣಗಿದವಳು ನಾನು.

ಮೊನ್ನೆ ಭಾನುವಾರ ಕರೆಂಟು ಹೋಗಿ ನಮ್ಮ ಮನೆಯ ಮಗ್ಗಗಳು ನಿಂತಾಗ, ನಿಮ್ಮಲ್ಲಿ ದೊಡ್ಡವನು ಪೇಪರು ಓದಿದ. ಮುದುಕರನ್ನು ನೋಡಿಕೊಳ್ಳಲು ಜಪಾನಿನಲ್ಲಿ ರೋಬೋಟು ಮಾಡುತ್ತಾರಂತೆ.

"ಮುಂದೆ ಎಲ್ಲಾ ಅದೇ ಮಾಡುತ್ತೆ ಕಣೋ. ಎತ್ತೋದು, ಕೂರ್ಸೋದು, ಮಾತ್ರೆ ಕೊಡೋದು," ಎಂದ ನಿಮ್ಮಪ್ಪ.

"ನಮ್ಮೂರ ಕರೆಂಟಿಗಾ? ಅದನ್ನ ಎತ್ತಿ ಕೂರ್ಸೋಕೆ ನಾವ್ ನಾಕ್ ಜನ ಬೇಕು," ಎಂದಳು ನಿಮ್ಮಮ್ಮ.

ಮುದುಕರಿಗೆ ಏನೇನು ಬೇಕಾಗುತ್ತದೆಂದು ಅರ್ಧ ಗಂಟೆ ಚರ್ಚೆ ನಡೆಯಿತು. ಗೋಡೆಗೊರಗಿ ಕೂತಿದ್ದ ಮುದುಕಿಯನ್ನು ಒಬ್ಬರೂ ಕೇಳಲಿಲ್ಲ. ನಾನು ಜಪಾನಿನವಳಾಗಿದ್ದರೆ ನಿಮಗೆಲ್ಲ ನನ್ನ ಮೇಲೆ ಬಹಳ ಕನಿಕರವಿರುತ್ತಿತ್ತು.

ಮಗ್ಗದಿಂದ ಇಳಿದ ಸೀರೆಯ ಬಿಡಿ ಎಳೆಗಳನ್ನು ಕತ್ತರಿಸಿ ಮಡಿಸಿಡುವುದು ಈ ಮನೆಯಲ್ಲಿ ನನಗೆ ಉಳಿದಿರುವ ಒಂದೇ ಕೆಲಸ. ಮಾರನೆಯ ದಿನ ಕಾಲು ಚಾಚಿ ಕೂತು ಮಡಿಸುವಾಗ ಒಂದು ರೇಷ್ಮೆ ಸೀರೆಯ ಸೆರಗಿಗೆ ಈ ಕಾಲುಗುರು ಸಿಕ್ಕಿ ಗೇಣುದ್ದ ಎಳೆ ಎದ್ದಿತು. ನಿಮ್ಮಪ್ಪ ಸೀರೆ ನೋಡಿದ, ನನ್ನನ್ನು ನೋಡಿದ. ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ನಿನ್ಗೆ ಕಣ್ ಕಾಣಲ್ಲಮ್ಮ. ಇನ್ಮೇಲೆ ಸೀರೆ ಮುಟ್ಬೇಡ. ಆರಾಮಾಗಿ ಕೂತ್ಕೋ."

ಕೆಲಸ ಕಿತ್ತುಕೊಳ್ಳುವುದಕ್ಕೆ ಆರಾಮೆಂಬ ಹೆಸರು ಯಾರು ಇಟ್ಟರೋ! ನನ್ನ ಕಣ್ಣು ಚೆನ್ನಾಗಿಯೇ ಇದೆ. "ಕಣ್ಣಲ್ಲಪ್ಪ, ಉಗುರು" ಎಂದೆ. ನಾಲ್ಕು ಪವರ್‌ಲೂಮುಗಳ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ. ಇನ್ನೊಂದು ಸಲ ಹೇಳಿದೆ. ಅವನು ಆಗಲೇ ಬೆನ್ನು ತಿರುಗಿಸಿದ್ದ. ಹೋದರೆ ಹೋಗಲಿ ಮಾನವೆಂದು ಜೀವಮಾನದಲ್ಲೇ ಮೊದಲ ಸಲ ಗಂಟಲೆತ್ತಿ ಕೂಗಿದೆ:

"ಯಾರಾದ್ರೂ ನನ್ನ ಕಾಲುಗುರು ತೆಗೀರಪ್ಪೋ!"

'ಯಾರಾದ್ರೂ' ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಗಪ್‌ಚಿಪ್. ಉಳಿದದ್ದನ್ನು ಇಡೀ ಬೀದಿ ಕೇಳಿತು. ಎದುರುಮನೆಯಾಕೆ ಬ್ಲೇಡು ಹಿಡಿದುಕೊಂಡೇ ಓಡಿ ಬಂದಳು.

ನಿಮ್ಮಮ್ಮ ನನ್ನ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ತನ್ನ ತೊಡೆಯ ಮೇಲಿಟ್ಟುಕೊಂಡಳು. "ಅಲ್ಲ ಅತ್ತೆ, ಇದು ಉಗುರಾ, ನೇಗಿಲಾ? ಒಂದ್ ಮಾತು ಹೇಳೋಕೆ ನಿಮ್ಗೇನಾಗಿತ್ತು?" ಎಂದು ಬೈಯುತ್ತಲೇ ಹತ್ತೂ ಬೆರಳು ಮುಗಿಸಿದಳು. ಕರೆಂಟು ಬರುವುದಕ್ಕೆ ಮೊದಲೇ ಸೀರೆಗಳು ನನ್ನ ಮಡಿಲಿಗೆ ವಾಪಸು ಬಂದವು. ತಂದಿಟ್ಟವನು ನಿಮ್ಮಪ್ಪನೇ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು.

ಜಪಾನಿನವರು ಸುಮ್ಮನೆ ಬೇಡದ ಕಡೆ ತಲೆ ಕೆಡಿಸಿಕೊಂಡಿದ್ದಾರೆ. ಉಗುರು ತೆಗೆಯಲು ಜನ ಇದ್ದಾರೆ. ನನ್ನಂಥವರ ಬದಲಿಗೆ ಬಾಯಿಬಿಟ್ಟು ಕೇಳುವ ಯಂತ್ರ ಮಾಡಲಿ ನೋಡೋಣ. ನನ್ನ ಹತ್ತಿರ ಅಂಥದ್ದೊಂದಿತ್ತು, ನಿಮ್ಮ ತಾತ. "ಅವ್ಳಿಗೆ ಇನ್ನೊಂದ್ ಮುದ್ದೆ ಇಕ್ಕ್ರೇ" ಎಂದು ನಡುಮನೆಯಿಂದಲೇ ಕೂಗುತ್ತಿದ್ದರು. ನನಗೆ ಹೊಟ್ಟೆ ಬಿರಿಯುವಂತಿದ್ದ ದಿನವೂ ಕೂಗುತ್ತಿದ್ದರು. ಜಪಾನಿನವರ ಯಂತ್ರದಲ್ಲಿ ಅಷ್ಟು ದೋಷ ಇದ್ದರೂ ಪರವಾಗಿಲ್ಲ.