ಜಾಗ ಮಾಡಿಕೊಟ್ಟವರು

ನಮ್ಮ ನೆರೆಮನೆಯ ವೆಲ್ಡರ್ ಬೈಕಂಪಾಡಿಯ ಬಸ್ಸಿನಲ್ಲಿ ಯಾರು ಹತ್ತಿದರೂ ಸರಿದು ಕೂರುತ್ತಿದ್ದರು. "ಜಾಗ ಉಂಟು ಮಾರಾಯ, ಬಾ" ಎನ್ನುತ್ತಿದ್ದರು. ಪಣಂಬೂರಿನಲ್ಲಿ ಕ್ಷಯ ಹಿಡಿದು ಬಿದ್ದಿದ್ದ ಪರವೂರಿನ ಕೂಲಿಯಾಳನ್ನೂ ಹಾಗೆಯೇ ಮನೆಗೆ ಕರೆತಂದರು.

ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಕುಟುಂಬವೆಲ್ಲ ಒಟ್ಟಿಗೆ ಹೊಸ ಅಕ್ಕಿ ಉಣ್ಣುವ ದಿನ, ಅವರನ್ನು ಕರೆಯಲು ಬಂದ ಅಣ್ಣ ಗೇಟಿನಲ್ಲೇ ನಿಂತು, "ಅವನನ್ನು ಹೊರಗೆ ಕಳಿಸು, ಮತ್ತೆ ಊಟಕ್ಕೆ ಬಾ" ಎಂದರು.

"ಯೇಸುವೇ ಬಂದರೂ ನೀನು ಎಕ್ಸ್‌ರೇ ಕೇಳ್ತೀಯಲ್ಲ ಅಣ್ಣ! ನಾನು ಬರುವುದಿಲ್ಲ."

ಅಂದಿನಿಂದ ಕುಟುಂಬದ ಯಾವ ಊಟದಲ್ಲೂ ಅವರಿಗೆ ಎಲೆ ಹಾಕಲಿಲ್ಲ. ಅವರೂ ಕೇಳಲಿಲ್ಲ.

ಮೊನ್ನೆ ಅವರ ಶವಪೆಟ್ಟಿಗೆಗೆ ಹೆಗಲು ಕೊಡಲು, ಈಗ ಗುಣವಾಗಿರುವ ಆ ಕೂಲಿಯಾಳು ಬಂದ. "ನೀನು ಬೇಡ" ಎಂದರು ಅಣ್ಣ.

ಪೆಟ್ಟಿಗೆ ಹೊತ್ತಿದ್ದವರಲ್ಲಿ ನಾನೂ ಒಬ್ಬ. ಸ್ವಲ್ಪ ಸರಿದು ನಿಂತೆ.

"ಜಾಗ ಉಂಟು ಮಾರಾಯ, ಬಾ" ಎಂದೆ, ಅಣ್ಣನಿಗೆ ಕೇಳುವಷ್ಟು ಜೋರಾಗಿ.