ಬಾಗಿಲು ತೆರೆದವನ ಬರಹ

ಇತಿಹಾಸದ ಟೀಚರಮ್ಮನಿಗೆ ಮಕ್ಕಳಿಟ್ಟ ಅಡ್ಡಹೆಸರು ‘ಅನುಮಾನದಕ್ಕ’. "ಬರೆದವರು ಯಾರು, ಯಾವಾಗ, ಯಾಕೆ ಅಂತ ಕೇಳದೆ ಏನನ್ನೂ ನಂಬಬೇಡಿ" ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದವರು, ಮನೆಯಲ್ಲಿ ಮಾತ್ರ ಅದನ್ನು ಎಂದೂ ಕೇಳಿರಲಿಲ್ಲ. ಈ ಸಲದ ಪರೀಕ್ಷೆಗೆ ತಮ್ಮ ಅಪ್ಪನ ನೆನಪಿನ ಬರಹವನ್ನೇ, ಹೆಸರು ತೆಗೆದು ತಾರೀಕು ಉಳಿಸಿ, ‘ಇದನ್ನು ಎಷ್ಟು ನಂಬಬಹುದು?’ ಎಂದು ಕೊಟ್ಟರು. ಅಪ್ಪ ಹಿಂದೆ ಗಿರಣಿಯೊಂದರ ಕಾವಲುಗಾರರಾಗಿದ್ದವರು. ‘ಬೆಂಕಿ ಬಿದ್ದಾಗ ನಾನೇ ಓಡಿ ಬೀಗ ತೆಗೆದು ಬಾಗಿಲು ತೆರೆದೆ’ ಎಂದು ಬರೆದಿದ್ದರು.

ಒಬ್ಬ ಹುಡುಗಿಯ ಉತ್ತರ ಹೀಗಿತ್ತು: "ಇದನ್ನು ಪೂರ್ತಿ ನಂಬಲಾಗದು. ಬೆಂಕಿ ಬಿದ್ದು ಮೂವತ್ತು ವರ್ಷವಾದ ಮೇಲೆ ಬರೆದದ್ದು. ಬೀಗ ಹಾಕಿದವರು ಯಾರೆಂದು ಹೇಳಿಯೇ ಇಲ್ಲ."

ಟೀಚರಮ್ಮನಿಗೆ ಮೈ ಉರಿಯಿತು. ಯಾರೋ ಹೇಳಿಕೊಟ್ಟಿರಬೇಕು ಅಂದುಕೊಂಡರು. ಮೂರು ಸಲ ಓದಿದ ಮೇಲೆ ಅನುಮಾನ ಮನೆಯತ್ತ ತಿರುಗಿತು.

"ಅಪ್ಪಾ, ಬೀಗ ಹಾಕಿದ್ದು ಯಾರು?"

ಅಪ್ಪ ಪೇಪರ್ ಮಡಚಿಟ್ಟರು. "ನಾನೇ, ಮಗಳೇ. ಕೆಲಸದ ಹೊತ್ತಲ್ಲಿ ಯಾರೂ ಹೊರಗೆ ಹೋಗಬಾರದು ಅಂತ ಮ್ಯಾನೇಜರ್ ಹೇಳಿದ್ರು. ತೆರೆದದ್ದೂ ನಾನೇ, ಅದು ಸುಳ್ಳಲ್ಲ. ಆದ್ರೆ ತಡವಾಯ್ತು."

ಹುಡುಗಿಗೆ ಐದಕ್ಕೆ ಐದು ಬಿತ್ತು. ಅಪ್ಪ ತಾವಾಗಿಯೇ ಪೆನ್ನು ಕೇಳಿ, ಬರಹದ ಕೊನೆಗೆ ಬೀಗದ ಮಾತು ಸೇರಿಸಿದರು. ಕೆಳಗೆ ಇವತ್ತಿನ ತಾರೀಕು ಹಾಕಿಸದೆ ಮಗಳು ಬಿಡಲಿಲ್ಲ.