ಬೆನ್ನ ಹಿಂದಿನ ಶ್ರುತಿ

ಹೊಸಪೇಟೆಯ ವಿರೂಪಾಕ್ಷಪ್ಪನವರ ಸನಾದಿ ಮೇಳಕ್ಕಾಗಿ ಆ ಕಾಲದಲ್ಲಿ ಕಂಪ್ಲಿಯಿಂದ ಸಂಡೂರಿನ ತನಕ ಮದುವೆ ಮನೆಯವರು ದಾರಿ ಕಾಯುತ್ತಿದ್ದರು. ಮೇಳದಲ್ಲಿ ಇದ್ದದ್ದು ನಾಲ್ಕೇ ಜನ. ಮುಂದೆ ಕೂತು ಸನಾದಿ ಊದುವವರು ವಿರೂಪಾಕ್ಷಪ್ಪನವರು. ಅವರ ಜೊತೆ ಎರಡನೆಯ ಸನಾದಿ ಮೂಕಣ್ಣನದು. ಹೆಸರಿಗೆ ಮೂಕಣ್ಣ, ಬಾಯಿ ಮಾತ್ರ ಊರಗಲ. ಡೋಲು ಗಾದಿಲಿಂಗಪ್ಪನದು. ನಾಲ್ಕನೆಯವನು ಸುಂಕಪ್ಪ. ಅವನೇನು ಮಾಡುತ್ತಿದ್ದ ಎಂದು ಕೇಳಿದರೆ, ಮೇಳ ಊದಿದ ಮದುವೆಯಲ್ಲಿ ಉಂಡು ಬಂದವರೂ "ಯಾವ ಸುಂಕಪ್ಪ?" ಎನ್ನುತ್ತಿದ್ದರು.

ಅವನು ಶ್ರುತಿ ಹಿಡಿಯುತ್ತಿದ್ದ. ಅಂದರೆ ಮೊದಲಿಂದ ಕೊನೆಯವರೆಗೆ ಒಂದೇ ಸ್ವರ ಊದುತ್ತ ಕೂಡುವುದು. ಬೆರಳಾಡಿಸುವ ಕೆಲಸವಿಲ್ಲ, ಕೊಳವೆ ಹಿಡಿಯಲು ಒಂದು ಕೈ ಸಾಕು. ಅದೇನು ಮಹಾ ಎಂದು ಮೂಗು ಮುರಿಯುವವರು ಒಮ್ಮೆ ಊದಿ ನೋಡಲಿ, ಕಣ್ಣುಗುಡ್ಡೆ ಹೊರಗೆ ಬರುತ್ತವೆ. ಉಸಿರು ಕಡಿಯುವಂತಿಲ್ಲ. ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯನ್ನು ಹಿಂಡುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಸ್ವರ ಕೂದಲೆಳೆಯಷ್ಟೂ ಏರಬಾರದು, ಇಳಿಯಬಾರದು. ಉಳಿದವರ ಹಾಡೆಲ್ಲ ನಿಲ್ಲುವುದು ಅದರ ಮೇಲೆ. ಅಷ್ಟಾಗಿಯೂ ಶಾಲು ಸನಾದಿಯವನಿಗೆ, ಶಹಬಾಸ್ ಡೋಲಿನವನಿಗೆ. ಶ್ರುತಿಯವನಿಗೆ ಪಂಕ್ತಿಯ ಕೊನೆಯ ಎಲೆ.

ಸುಂಕಪ್ಪ ಪಾಪಿನಾಯಕನಹಳ್ಳಿಯವನು. ಕೂಲಿಯವರ ಮಗ. ಗಾದಿಲಿಂಗಪ್ಪನ ಅಪ್ಪನ ಕಾಲದಲ್ಲಿ ಡೋಲು ಹೊರುವುದಕ್ಕೆಂದು ಮೇಳದ ಬೆನ್ನು ಹತ್ತಿ ಬಂದವನು ಹೊಸಪೇಟೆಯಲ್ಲೇ ಉಳಿದುಬಿಟ್ಟ. ಅವನ ಎದೆಗೂಡು ನೋಡಿ ವಿರೂಪಾಕ್ಷಪ್ಪನವರೇ ಕರೆದು ಕೂಡಿಸಿ ವಿದ್ಯೆ ಕಲಿಸಿದರು. ನೀರು ತುಂಬಿದ ಗಡಿಗೆಯಲ್ಲಿ ಜೋಳದ ದಂಟಿನ ಕೊಳವೆ ಅದ್ದಿ ಊದಿಸುತ್ತಿದ್ದರು. ಗುಳ್ಳೆ ಏಳುವುದು ಒಮ್ಮೆಯೂ ನಿಲ್ಲಬಾರದು. ನಿಂತರೆ ತಲೆಗೆ ಒಂದು ಮೊಟಕು. ಕಲಿಸಿದವರು ಹೊಟ್ಟೆಗೂ ಹಾಕಿದರು, ಮುಂದೆ ನಿಂಗಕ್ಕನನ್ನು ತಂದು ಮದುವೆಯನ್ನೂ ಮಾಡಿದರು. ಅವನ ಶ್ರುತಿ ಎಷ್ಟು ಗಟ್ಟಿಯಾಯಿತೆಂದರೆ ವಾದ್ಯದವರೆಲ್ಲ ಅವನನ್ನು ಗೂಟದ ಸುಂಕಪ್ಪ ಎಂದು ಕರೆಯತೊಡಗಿದರು. ಕೇಳುವ ಜನಕ್ಕೆ ಅವನು ಯಾರೋ ಏನೋ, ಊದುವ ಜನಕ್ಕೆ ಮಾತ್ರ ಆ ಹೆಸರು ಗೊತ್ತಿತ್ತು. ಅವನಿಗೆ ಅದೊಂದು ಹೆಸರೇ ಆಸ್ತಿ.

ಹೀಗಿರುವಾಗ ಕಂಪ್ಲಿಯ ಒಂದು ಮದುವೆಯಲ್ಲಿ ಗುರುಗಳ ಸನಾದಿ ಶ್ರುತಿ ಬಿಟ್ಟು ಮೇಲಕ್ಕೆ ಸರಿಯಿತು. ಡೋಲಿನ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ, ಸುಂಕಪ್ಪನಿಗೆ ತಿಳಿಯಿತು. ಹೊಸಪೇಟೆಗೆ ಬಂದ ಮೇಲೆ ವಿರೂಪಾಕ್ಷಪ್ಪನವರು ಅವನನ್ನು ಕಾಲುವೆ ದಂಡೆಗೆ ಕರೆದೊಯ್ದರು. ಅವರ ಕಿವಿ ಮಂದವಾಗಿದೆ, ಮುಖ ನೋಡಿ ಗಟ್ಟಿಯಾಗಿ ಮಾತಾಡಬೇಕು ಎನ್ನುವುದು ಮೇಳಕ್ಕೆಲ್ಲ ಗೊತ್ತಿದ್ದದ್ದೇ. ಜನ್ಮವಿಡೀ ಡೋಲಿನ ಪಕ್ಕದಲ್ಲಿ ಕೂತವರ ಕಿವಿ ಇನ್ನೇನಾಗಬೇಕು? ಆದರೆ ಅಂದು ಅವರು ಹೇಳಿದ್ದು ಬೇರೆ.

"ನಿನ್ನ ಶ್ರುತಿ ನನಗ ಕೇಳವಲ್ದು, ಸುಂಕಾ. ಪೂರಾ ಹೋತು. ಬೆರಳಿನ ರೂಢಿ ಮ್ಯಾಲೆ ಊದಾಕತ್ತೀನಿ."

ಅವರೇ ಮುಂದುವರಿಸಿದರು. "ಯಾರಿಗೂ ಹೇಳಬ್ಯಾಡ. ಸಭಾದಾಗ ನಾ ಜಾರಿದ ದಿನ ಸನಾದಿ ಕೆಳಗ ಇಡ್ತೀನಿ, ಮತ್ತ ಮುಟ್ಟಂಗಿಲ್ಲ. ಅಲ್ಲೀತನಕ ನೀ ನನ್ನ ಕಿವಿ ಆಗು."

ಸನಾದಿ ಕೆಳಗಿಟ್ಟರೆ ಆ ಮನುಷ್ಯ ಬದುಕುವುದಿಲ್ಲ ಎನ್ನುವುದು ಸುಂಕಪ್ಪನಿಗೆ ಗೊತ್ತಿತ್ತು. ಮಡದಿ ಸತ್ತ ಹದಿನಾಲ್ಕನೆಯ ದಿನವೇ ಸನಾದಿ ಕೈಗೆತ್ತಿಕೊಂಡು ಎದ್ದು ಕೂತ ಮನುಷ್ಯ ಅವರು. ಅವನು ಆಗಲಿ ಎಂದ. ಅಂದಿನಿಂದ ಅವನ ಜಾಗ ಗುರುಗಳ ಬೆನ್ನ ಹಿಂದೆ, ಮೈಗೆ ಮೈ ತಾಗುವಷ್ಟು ಹತ್ತಿರ. ಬಲಗೈಯಲ್ಲಿ ಕೊಳವೆ, ಎಡಗೈ ಗುರುಗಳ ಶಾಲಿನೊಳಗೆ. ಸ್ವರ ಏರಿದರೆ ಬೆನ್ನ ಮೇಲೆ ಬೆರಳನ್ನು ಕೆಳಕ್ಕೆ ಎಳೆಯುತ್ತಿದ್ದ, ಇಳಿದರೆ ಮೇಲಕ್ಕೆ ನೂಕುತ್ತಿದ್ದ. ಸರಿಯಿದ್ದಾಗ ಬೆರಳು ಸುಮ್ಮನಿರುತ್ತಿತ್ತು. ಮೂಕಣ್ಣನಿಗಾಗಲಿ ಗಾದಿಲಿಂಗಪ್ಪನಿಗಾಗಲಿ ಇದರ ಸುಳಿವು ಸಿಗಲಿಲ್ಲ. ಹೊಸಪೇಟೆಯ ಒಂದು ಮನೆಯ ಆರತಿ ಶಾಸ್ತ್ರದಲ್ಲಿ ನಿಂಗಕ್ಕ ಇವರು ಕೂತ ರೀತಿ ನೋಡಿ, "ನನ್ನ ಕೂಡ ಒಂದಿನಾರ ಹಂಗ ಅಂಟಿಕೊಂಡು ಕುಂತೀಯೇನು?" ಎಂದು ಛೇಡಿಸಿದಳು. ಸುಂಕಪ್ಪ ನಕ್ಕ. ಹೆಂಡತಿಗೂ ಹೇಳಲಿಲ್ಲ ನೋಡಿ, ಅಂಥ ಗಟ್ಟಿ ಪಿಂಡ.

ಹೀಗೆ ಎರಡು ಮೂರು ಮದುವೆ ಕಾಲ ಕಳೆದವು. ಆಮೇಲೆ ಬಂತು ಸಂಡೂರಿನ ಮದುವೆ.

ಸಂಡೂರಿನಲ್ಲಿ ಮ್ಯಾಂಗನೀಸ್ ಅದಿರು ಸಾಗಿಸುವ ಗುತ್ತಿಗೆ ಹಿಡಿದಿದ್ದ ಕಮಲಾಕರರಾಯರ ಮಗಳ ಮದುವೆ. ಮುಹೂರ್ತವೆಲ್ಲ ಸಾಂಗವಾಗಿ ಮುಗಿಯಿತು. ಮಧ್ಯಾಹ್ನ ಊಟದ ಮೇಲೆ ಚಪ್ಪರದಲ್ಲಿ ಬೀಗರಿಗೆ, ಗಣಿಯ ಇಬ್ಬರು ಬಿಳಿಯ ದೊರೆಗಳಿಗೆ ಸನಾದಿ ಕಚೇರಿ. ಮೇಳದವರು ಬಂದು ನೋಡುತ್ತಾರೆ: ಜಮಖಾನೆಯ ಮೇಲೆ ಸಾಲಾಗಿ ನಾಲ್ಕು ಬೆತ್ತದ ಕುರ್ಚಿ! ಬಳ್ಳಾರಿಯಲ್ಲಿ ಬಿಳಿಯರ ದಂಡಿನ ಬ್ಯಾಂಡಿನವರು ಕುರ್ಚಿಯ ಮೇಲೆ ಕೂತು ಊದಿದ್ದನ್ನು ರಾಯರು ಕಂಡು ಬಂದಿದ್ದರಂತೆ. ದೊರೆಗಳ ಎದುರಿಗೆ ತಮ್ಮ ಮನೆಯ ವಾದ್ಯದವರೂ ಹಾಗೇ ಕೂಡಬೇಕು. ಬಂತಲ್ಲಪ್ಪ ಗ್ರಹಚಾರ.

ಸುಂಕಪ್ಪ ರಾಯರ ಹತ್ತಿರ ಹೋಗಿ ಕೈ ಮುಗಿದ. "ನೆಲದ ಮ್ಯಾಲೇ ಕುಂದರ್ತೀವ್ರಿ. ಕುರ್ಚಿ ಮ್ಯಾಲೆ ನಮಗ ಉಸಿರು ಬರಂಗಿಲ್ರಿ."

"ಬಿಳೇ ಮಂದಿಗೆ ಬರ್ತದ, ನಿಮಗ ಬರೂದಿಲ್ಲೇನು?" ಎಂದರು ರಾಯರು. "ಸುಮ್ಮನ ಹೋಗಿ ಕೂಡ್ರಿ. ಈ ಸಲ ಬಳ್ಳಾರಿ ಬ್ಯಾಂಡೇ ತರಿಸೋಣಂತ ಮನ್ಯಾಗ ಎಲ್ಲಾರೂ ಅಂದ್ರು. ನಾನೇ ಬ್ಯಾಡಂದೆ."

ಹಾಗಾದರೆ ತಾನೊಬ್ಬ ಹಿಂದೆ ಕೂಡುತ್ತೇನೆಂದು ಸುಂಕಪ್ಪ ಅಂಗಲಾಚಿದ. ಸಾಲು ಕೆಡುತ್ತದೆ ಎಂದು ರಾಯರು ಗದರಿದರು. ನಡುವೆ ವಿರೂಪಾಕ್ಷಪ್ಪನವರು, ಅವರ ಬಲಕ್ಕೆ ಮೂಕಣ್ಣ, ಎಡಕ್ಕೆ ಗಾದಿಲಿಂಗಪ್ಪ. ಸುಂಕಪ್ಪನ ಕುರ್ಚಿ ಡೋಲಿನ ಆಚೆ, ತುದಿಯಲ್ಲಿ. ಅಲ್ಲಿಂದ ಕೈ ಚಾಚಿದರೆ ಗುರುಗಳ ಮೊಣಕೈಯೂ ಸಿಗುವಂತಿರಲಿಲ್ಲ. ವಿರೂಪಾಕ್ಷಪ್ಪನವರು ಒಮ್ಮೆ ತಿರುಗಿ ಅವನನ್ನು ನೋಡಿದರು. ಆ ಮುಖದಲ್ಲಿ ಹೆದರಿಕೆ ಇತ್ತು. ಇಷ್ಟು ವರ್ಷದಲ್ಲಿ ಸುಂಕಪ್ಪ ಅವರ ಮುಖದಲ್ಲಿ ಅದನ್ನು ಕಂಡಿರಲೇ ಇಲ್ಲ.

ಎದುರಿಗೆ ಮುಂದಿನ ಸಾಲಿನಲ್ಲಿ ಬೀಗರ ಕಡೆಯ ಹಿರಿಯರು ಪುರಂದರರಾಯರು ಕೂತಿದ್ದರು. ನಿವೃತ್ತ ತಹಸೀಲ್ದಾರರು, ದಾಸರ ಪದಗಳನ್ನು ತಾವೇ ಹಾಡುವವರು, ಕಿವಿ ಭಾಳ ಚುರುಕು. ದೊರೆಗಳಿಗೆ ಏನು ಕೇಳಿಸಿದರೂ ನಡೆಯುತ್ತಿತ್ತು. ಈ ಯಜಮಾನರ ಕಿವಿ ತಪ್ಪಿಸುವುದು ಕಷ್ಟವಿತ್ತು.

ಸುಂಕಪ್ಪ ಊದತೊಡಗಿದ. ಅವನ ಕೆನ್ನೆ ಉಬ್ಬಿದ್ದನ್ನು ಕಂಡು ಗುರುಗಳು ಸನಾದಿಯನ್ನು ತುಟಿಗಿಟ್ಟರು. ಮೊದಲನೆಯದು ಸರಿಯಾಗಿ ಹೋಯಿತು. ಎರಡನೆಯದೂ ಅರ್ಧದವರೆಗೆ ಸರಿಯಾಗಿತ್ತು. ಸಂಡೂರಿನ ಬಿಸಿಲು, ಚಪ್ಪರದ ಸೆಕೆ. ವಾದ್ಯ ಕಾದು, ಗುರುಗಳ ಉಸಿರಿಗೆ ಹುಮ್ಮಸ್ಸು ಬಂದು, ಸ್ವರ ಒಂದೆಳೆ ಮೇಲಕ್ಕೆ ಸರಿಯಿತು. ಸುಂಕಪ್ಪನ ಎಡಗೈ ತಾನಾಗಿ ಮುಂದೆ ಹೋಗಿ ಬರಿಗಾಳಿಯಲ್ಲಿ ನಿಂತಿತು. ಇನ್ನೊಂದೆಳೆ ಸರಿಯಿತು. ಪುರಂದರರಾಯರು ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮೂಕಣ್ಣ ಓರೆಗಣ್ಣಿನಿಂದ ಗುರುಗಳನ್ನು ನೋಡಿದ.

ಈಗ ಸುಂಕಪ್ಪನ ಮುಂದೆ ಎರಡೇ ದಾರಿ. ತಾನು ಅಲುಗದೆ ಕೂತರೆ ಗೂಟದ ಸುಂಕಪ್ಪ ಗೂಟವಾಗೇ ಉಳಿಯುತ್ತಾನೆ, ಗುರುಗಳು ನಡುಸಭೆಯಲ್ಲಿ ಬೀಳುತ್ತಾರೆ. ಇಲ್ಲವೇ ಶ್ರುತಿಯನ್ನೇ ಎಬ್ಬಿಸಿ ಅವರ ಸ್ವರದ ಬೆನ್ನು ಹತ್ತಬೇಕು. ಶ್ರುತಿಯವನು ಅದನ್ನು ಮಾಡಬಾರದು. ಮಾಡಿದವನನ್ನು ವಾದ್ಯದವರು ಮನುಷ್ಯ ಎನ್ನುವುದಿಲ್ಲ. ಅವನು ತುಟಿ ಬಿಗಿದು, ಗಾಳಿ ಒತ್ತಿ, ಶ್ರುತಿಯನ್ನು ಮೇಲಕ್ಕೆ ಎತ್ತಿದ.

ಎರಡೂ ಕೂಡಿಕೊಂಡವು. ಮೂಕಣ್ಣನೂ ತಡಬಡಿಸುತ್ತ ಹಿಂದೆ ಬಂದ. ಪುರಂದರರಾಯರ ಕೈ ಮತ್ತೆ ತೊಡೆಯ ಮೇಲೆ ಆಡತೊಡಗಿತು. ಗುರುಗಳು ಇನ್ನಷ್ಟು ಏರಿದರು, ಸುಂಕಪ್ಪನೂ ಏರಿದ. ತುಟಿ ಉರಿಯಿತು, ಕಣ್ಣಲ್ಲಿ ನೀರು ಬಂತು. ಇನ್ನೇನು ಹಾಡು ಮುಗಿಯುತ್ತದೆ, ಬಚಾವಾದೆವು ಎಂದುಕೊಳ್ಳುವಾಗ ಗುರುಗಳು ಒಂದು ಉದ್ದನೆಯ ಇಳಿತ ಹಿಡಿದು ಕೆಳಗೆ ಬಂದರು, ಬಂದವರು ಸರಿಯಾಗಿ ಹಳೆಯ ಜಾಗಕ್ಕೇ ಬಂದು ನಿಂತುಬಿಟ್ಟರು. ಶ್ರುತಿ ಒಂದೇ ಮೇಲೆ ಉಳಿಯಿತು. ಚಪ್ಪರದಲ್ಲಿ ಕಿವಿ ಕೊರೆಯುವಂಥ ಅಪಸ್ವರ ಎದ್ದಿತು. ದೊರೆಗಳು ಕೂಡ ಮುಖ ಕಿವುಚಿದರು.

ಪುರಂದರರಾಯರು ಕೈ ಎತ್ತಿದರು. ಮೇಳ ನಿಂತಿತು. ಎಲ್ಲರೂ ನಿಲ್ಲಿಸಿದ್ದನ್ನು ಕಂಡು ಕೊನೆಗೆ ವಿರೂಪಾಕ್ಷಪ್ಪನವರೂ ನಿಲ್ಲಿಸಿದರು.

"ಇದೇನ್ರಿ ಇದು, ಶ್ರುತಿ ಒಂದು ಕಡೆ, ಸ್ವರ ಒಂದು ಕಡೆ," ಎಂದರು ಪುರಂದರರಾಯರು. "ಆಗಲೇ ಒಂದು ಸಲ ಅನುಮಾನ ಬಂದಿತ್ತು. ಜಾರಿದವರು ಯಾರು?"

ವಿರೂಪಾಕ್ಷಪ್ಪನವರು ಅವರ ತುಟಿಯನ್ನೇ ದಿಟ್ಟಿಸುತ್ತಿದ್ದರು. ಏನೋ ಕೆಟ್ಟಿದೆ ಎಂದಷ್ಟೇ ಅವರಿಗೆ ತಿಳಿದಿತ್ತು. ಮೂಕಣ್ಣ ಬಾಯಿ ತೆರೆಯುವುದಕ್ಕೂ ಸುಂಕಪ್ಪ ಕುರ್ಚಿ ಬಿಟ್ಟು ಏಳುವುದಕ್ಕೂ ಸರಿಹೋಯಿತು.

"ನಾನ್ರೀ. ನನ್ನ ಶ್ರುತಿ ಜಾರಿತ್ರಿ. ಗುರುಗಳದ್ದು ಸರಿ ಐತ್ರಿ."

ಸಭೆಯೆಲ್ಲ ಅವನನ್ನು ನೋಡಿತು. ಅಷ್ಟು ವರ್ಷ ಮದುವೆಮನೆಗಳಲ್ಲಿ ಊದಿದ್ದವನನ್ನು ಜನ ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಕಮಲಾಕರರಾಯರ ಮುಖ ಕೆಂಪಾಗಿತ್ತು. "ಒಂದು ಸ್ವರಾ ಹಿಡಿಯಲಿಕ್ಕೆ ಬರದವಗ ಕುರ್ಚಿ ಬ್ಯಾರೆ ಕೇಡು. ಇಳಿ. ಹಿಂದ ಹೋಗಿ ನೆಲದ ಮ್ಯಾಲೆ ಕೂಡು."

ಸುಂಕಪ್ಪ ಕೊಳವೆ ಹಿಡಿದುಕೊಂಡು ಹಿಂದೆ ಹೋದ. ಗುರುಗಳ ಕುರ್ಚಿಯ ಹಿಂದೆ ಕೂತವನಿಗೆ ಬೆತ್ತದ ಹೆಣಿಗೆಯ ಸಂದುಗಳು ಕಂಡವು. ಎರಡು ಬೆರಳು ಧಾರಾಳವಾಗಿ ಹೋಗುವಂತಿದ್ದವು. ಅವನು ಬೆರಳು ತೂರಿಸಿ ಗುರುಗಳ ಬೆನ್ನು ಮುಟ್ಟಿದ. ಬೆವರಿನಿಂದ ತೊಯ್ದು ಬಿಗಿದುಕೊಂಡಿದ್ದ ಬೆನ್ನು ಒಮ್ಮೆಲೇ ಸಡಿಲವಾಯಿತು.

ಆಮೇಲೆ ಊದಿದರು ನೋಡಿ! ಸಂಡೂರಿನವರು ಅಂಥದ್ದನ್ನು ಹಿಂದೆ ಕೇಳಿರಲಿಲ್ಲ. ಬಿಸಿಲು ಇಳಿಯುವ ತನಕ ಒಬ್ಬರೂ ಎದ್ದು ಹೋಗಲಿಲ್ಲ. ಪುರಂದರರಾಯರು ತಮ್ಮ ಹೆಗಲ ಶಲ್ಯವನ್ನೇ ತೆಗೆದು ವಿರೂಪಾಕ್ಷಪ್ಪನವರಿಗೆ ಹೊದಿಸಿದರು. "ಶ್ರುತಿಯವನು ಕೆಡಿಸಿದರೂ ನೀವು ಎತ್ತಿ ಹಿಡಿದಿರಿ," ಎಂದು ಅವರ ಕಿವಿಯ ಹತ್ತಿರ ಗಟ್ಟಿಯಾಗಿಯೇ ಹೇಳಿದರು.

ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೊಸಪೇಟೆಗೆ ಹೊರಟರು. ದಾರಿಯಲ್ಲಿ ಮೂಕಣ್ಣ ಸುಂಕಪ್ಪನ ಪಕ್ಕಕ್ಕೆ ಸರಿದು, "ಮೊದಲು ಏರಿದವರು ಯಾರಂತ ನನಗ ಗೊತ್ತೈತಿ. ನನಗೂ ಕಿವಿ ಅದಾವ," ಎಂದ.

"ಇದ್ರ ಇಟ್ಕೋ," ಎಂದ ಸುಂಕಪ್ಪ. ಮೂಕಣ್ಣ ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಸಂಡೂರಿನಲ್ಲಿ ಶ್ರುತಿ ಜಾರಿದ ಸುದ್ದಿ ಗಾಡಿಗಿಂತ ಮುಂಚೆ ಊರು ಸೇರಿತ್ತು. ಆ ಮೇಲೆ ವಾದ್ಯದವರ ಬಾಯಲ್ಲಿ ಗೂಟ ಎನ್ನುವ ಹೆಸರು ಯಾರಿಗೂ ಕೇಳಿಸಲಿಲ್ಲ.

ಅದೇ ದಾರಿಯಲ್ಲಿ ಗಾದಿಗನೂರಿನ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಮೂಕಣ್ಣ, ಗಾದಿಲಿಂಗಪ್ಪ ಎತ್ತು ಹೊಡೆದುಕೊಂಡು ಕೆರೆಗೆ ಇಳಿದರು. ವಿರೂಪಾಕ್ಷಪ್ಪನವರು ಸುಂಕಪ್ಪನನ್ನು ಎದುರಿಗೆ ಕೂಡಿಸಿಕೊಂಡರು. ರಾತ್ರಿ ಅವರು ನಿದ್ದೆ ಮಾಡಿದಂತೆ ಕಾಣಲಿಲ್ಲ.

"ನನ್ನ ಮುಖಾ ನೋಡಿ ಹೇಳು. ಜಾರಿದ್ದು ನಾನಾ, ನೀನಾ?"

ಹತ್ತಿರ ಯಾರೂ ಇರಲಿಲ್ಲ. ನಿಜ ಹೇಳಬಹುದಿತ್ತು. ಹೇಳಬೇಕೆಂದು ಸುಂಕಪ್ಪನ ಜೀವ ತುದಿಗಾಲಲ್ಲಿ ನಿಂತಿತ್ತು. ಲೋಕಕ್ಕೆ ತಿಳಿಯದಿದ್ದರೂ ಇವರೊಬ್ಬರಿಗಾದರೂ ತಿಳಿಯಲಿ ಎಂಬ ಆಸೆ ಇರಲಿಲ್ಲವೆಂದರೆ ಸುಳ್ಳು. ಗುರುಗಳು ಅವನ ತುಟಿಯ ಮೇಲಿಂದ ಕಣ್ಣು ಕೀಳಲಿಲ್ಲ. ಸನಾದಿಯ ಚೀಲ ಅವರ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು.

"ನಾನ್ರೀ," ಎಂದ ಸುಂಕಪ್ಪ, ತುಟಿ ಚೆನ್ನಾಗಿ ಕಾಣುವ ಹಾಗೆ.

ವಿರೂಪಾಕ್ಷಪ್ಪನವರು ದೊಡ್ಡದಾಗಿ ಉಸಿರು ಬಿಟ್ಟರು. ಮುಖ ಅರಳಿತು, ವಯಸ್ಸಿನಲ್ಲಿ ಹತ್ತು ವರ್ಷ ಇಳಿದಂತೆ ಆಯಿತು. "ನನ್ನ ಕೈ ಇನ್ನೂ ಗಟ್ಟಿ ಐತಿ ಹಂಗಾದ್ರ," ಎಂದು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಅಲ್ಲಲೇ, ನಾ ಕಲಿಸಿದ ವಿದ್ಯಾ ಇದು. ಅಷ್ಟು ಮಂದಿ ನಡುವ ಹೆಂಗ ಜಾರಿದಿ ನೀನು? ನಾಚಿಕಿ ಆಗಲಿಲ್ಲ ನಿನಗ?"

"ಆತ್ರಿ," ಎಂದ ಸುಂಕಪ್ಪ.

ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಊದಿದರು. ಹಂಪಿಯಲ್ಲಿ, ಕಂಪ್ಲಿಯಲ್ಲಿ, ಮತ್ತೆ ಅದೇ ಸಂಡೂರಿನಲ್ಲಿ. ಪ್ರತಿ ಸಲವೂ ಶುರು ಮಾಡುವ ಮುಂಚೆ ಹಿಂದಕ್ಕೆ ತಿರುಗಿ, ನೆರೆದವರಿಗೆಲ್ಲ ಕೇಳುವಂತೆ ಎಚ್ಚರಿಸುತ್ತಿದ್ದರು. "ಸುಂಕಾ, ಇವತ್ತಾರ ಜಾರಬ್ಯಾಡ."

"ಇಲ್ರಿ," ಎಂದು ತಲೆ ಬಗ್ಗಿಸಿ ಸುಂಕಪ್ಪ ಕೊಳವೆ ಬಾಯಿಗಿಡುತ್ತಿದ್ದ.